ಗೋಕುಲ ರಸ್ತೆಯ ಬಾಲ್ಕನಿಯಲ್ಲಿ ಸೋಯಾ ಹೊಲದ ಮಣ್ಣು

ಹುಬ್ಬಳ್ಳಿಗೆ ವಿಮಾನದಲ್ಲಿ ಬಂದವರು ಊರೊಳಗೆ ಹೋಗುವುದು ಗೋಕುಲ ರಸ್ತೆಯ ಮೇಲೆಯೇ. ಇಳಿಯುವ ಮುಂಚಿನ ಎರಡು ನಿಮಿಷ ಕಿಟಕಿಯಿಂದ ಕೆಳಗೆ ನೋಡಿ. ಬೇಸಿಗೆಯಾದರೆ ಕಪ್ಪು, ಕೆಂಪು ತೇಪೆ ಹಾಕಿದ ಕೌದಿಯಂತೆ ಹೊಲಗಳು ಕಾಣುತ್ತವೆ. ಆಗಸ್ಟ್ ತಿಂಗಳಾದರೆ ಬರೀ ಹಸಿರು. 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆ ಆದಮೇಲೆ ಈ ರಸ್ತೆಯ ಗತ್ತೇ ಬದಲಾಯಿತು. ಆದರೆ ಗೋಕುಲ ಅನ್ನೋದು ಮೊದಲಿಗೆ ಒಂದು ಹಳ್ಳಿಯ ಹೆಸರು ಅನ್ನುವುದನ್ನು ನಾವು ಎಷ್ಟೋ ಜನ ಮರೆತೇಬಿಟ್ಟಿದ್ದೇವೆ.

ಹೊಸೂರಿನ ಹೊಸ ಬಸ್ ನಿಲ್ದಾಣದ ಕಡೆಯಿಂದ ಹೊರಟರೆ ಈ ರಸ್ತೆ ಮೊದಲು ಪೂರಾ ಕಬ್ಬಿಣ. 1997ರಲ್ಲಿ ಬೇರೆಯಾದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲೇ ಇದೆ. ಆಮೇಲೆ ಇಂಡಸ್ಟ್ರಿಯಲ್ ಎಸ್ಟೇಟು. ಹುಬ್ಬಳ್ಳಿ ವಾಲ್ವ್ ತಯಾರಿಕೆಗೆ ಹೆಸರಾದ ಊರು. ಲೇಥ್ ಯಂತ್ರದ ಸದ್ದು, ಸುಟ್ಟ ಎಣ್ಣೆಯ ವಾಸನೆ ಇಲ್ಲಿ ಹೊಸದಲ್ಲ. ನಡುನಡುವೆ ಕಾರು, ಟ್ರ್ಯಾಕ್ಟರ್ ಶೋರೂಮ್‌ಗಳು, ಕಲ್ಯಾಣ ಮಂಟಪಗಳು, ಮಿರ್ಚಿ ಗಾಡಿಗಳು. ವಿಮಾನ ನಿಲ್ದಾಣ ದಾಟಿದ ಮೇಲೆ ರಸ್ತೆ ನಿಧಾನಕ್ಕೆ ಮಣ್ಣಿನ ಕಡೆ ವಾಲುತ್ತದೆ. ಒಂದು ಬದಿ ಲೇಔಟ್‌ನ ಕಲ್ಲು, ಇನ್ನೊಂದು ಬದಿ ಬೆಳೆ.

ನಾನು ಇದೇ ರಸ್ತೆಯ ಒಂದು ಅಡ್ಡ ಓಣಿಯಲ್ಲಿ ಬಾಡಿಗೆಗಿದ್ದೇನೆ. ಕೆಲಸ ಸಾಫ್ಟ್‌ವೇರ್. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆಯಿಂದಲೇ. ಕಾಕಾ ಇರುವುದು ಕಲಘಟಗಿ ತಾಲೂಕಿನಲ್ಲಿ. ಬೈಕ್ ಮೇಲೆ ಕಾರವಾರ ರಸ್ತೆ ಹಿಡಿದರೆ ಒಂದು ತಾಸಿನೊಳಗೆ ಹೊಲದ ಬದುವಿನ ಮೇಲೆ ನಿಂತಿರುತ್ತೇನೆ. ಹುಬ್ಬಳ್ಳಿಯ ಎರಿ ಮಣ್ಣು ಅಲ್ಲಿಗೆ ಹೋಗುವಷ್ಟರಲ್ಲಿ ಮಸಾರಿ ಆಗಿರುತ್ತದೆ, ಗಾಳಿಯಲ್ಲಿ ಸ್ವಲ್ಪ ಮಲೆನಾಡಿನ ತಂಪು. ಅದು ಮಳೆ ನೆಚ್ಚಿದ ಸೋಯಾಬೀನ್ ಸೀಮೆ. ರಾಜ್ಯದಲ್ಲಿ ಬೀದರ, ಬೆಳಗಾವಿ, ಧಾರವಾಡ ಈ ಮೂರು ಜಿಲ್ಲೆಗಳೇ ಸೋಯಾದ ತವರು. ಪುಸ್ತಕದಲ್ಲಿ ಸೋಯಾ ಅವರೆ ಅಂತ ಬರೆದಿರುತ್ತದೆ. ಅವರೆ ಅಂತ ಕರೆದವರನ್ನು ನಮ್ಮ ಕಡೆ ನಾನಂತೂ ನೋಡಿಲ್ಲ.

ಎರಡು ವರ್ಷದ ಹಿಂದಿನ ಆಗಸ್ಟ್‌ನಲ್ಲಿ ಕಾಕಾನ ಎರಡೂವರೆ ಎಕರೆಯ ಕೆಳಗಿನ ಭಾಗ ಹಳದಿ ತಿರುಗಿತ್ತು. ಪೂರ್ತಿ ಅಲ್ಲ, ತೇಪೆ ತೇಪೆಯಾಗಿ. ತೇಪೆಗಳು ದುಂಡಗಿರಲಿಲ್ಲ, ಟ್ರ್ಯಾಕ್ಟರ್ ಓಡಾಡುವ ದಿಕ್ಕಿನಲ್ಲಿ ಉದ್ದಕ್ಕೆ ಎಳೆದಂತಿದ್ದವು. ನೆಲದಲ್ಲಿ ಹಸಿ ಇದ್ದರೂ ಮಧ್ಯಾಹ್ನ ಗಿಡ ಬಾಡುತ್ತಿತ್ತು, ಸಂಜೆಗೆ ಮತ್ತೆ ಎದ್ದು ನಿಲ್ಲುತ್ತಿತ್ತು. ಕಾಕಾ ಯೂರಿಯಾ ಕೊಟ್ಟು ನೋಡಿದ್ದ, ಏನೂ ಆಗಿರಲಿಲ್ಲ. ಅಂಗಡಿಯವರೊಬ್ಬರು “ಗುಳಿಗಿ ಔಷಧ ಒಗೀರಿ” ಅಂದಿದ್ದರು.

“ತಮ್ಮಾ, ಇದು ಮೂರನೇ ವರ್ಷ. ಈ ಸಲಾನೂ ಹಿಂಗಾತಂದ್ರ ಹೊಲ ಲಾವಣಿಗೆ ಕೊಟ್ಟು ನಾನೂ ಹುಬ್ಬಳ್ಳಿಗೆ ಬಂದ್‌ಬಿಡ್ತೀನಿ ನೋಡು. ನಿಮ್ಮ ಗೋಕುಲ ರೋಡಿನ್ಯಾಗ ವಾಚ್‌ಮನ್ ಕೆಲಸಾ ಸಿಕ್ಕ ಸಿಗ್ತೈತಿ.”

ಅದು ಬರೀ ಚೇಷ್ಟೆ ಅಲ್ಲ ಅಂತ ನನಗೆ ಗೊತ್ತಿತ್ತು. ನಮ್ಮ ಓಣಿಯ ಅಪಾರ್ಟ್‌ಮೆಂಟ್‌ಗಳಲ್ಲಿ ರಾತ್ರಿ ಗೇಟ್ ಕಾಯುವವರನ್ನು ಮಾತಾಡಿಸಿ ನೋಡಿ. ಅರ್ಧಕ್ಕರ್ಧ ಜನ ಹೊಲ ಇದ್ದವರೇ.

ಗಿಡದ ಸುತ್ತ ಸಲಿಕೆ ಹಾಕಿ, ಬೇರು ಹರಿಯದಂತೆ ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅಲ್ಲಾಡಿಸಿದೆವು. ಬೇರಿನ ತುಂಬ ಗಂಟು. ಕಾಕಾ ಖುಷಿಯಾಗಿ “ಗಂಟು ಚೊಲೋ ಆಗ್ಯಾವಲ್ಲ” ಅಂದ. ಸೋಯಾ ಬೇರಿನಲ್ಲಿ ಗಂಟು ಇರಬೇಕು ನಿಜ. ಗಾಳಿಯ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳ ಮನೆ ಅದು. ಆದರೆ ಗಂಟಿನಲ್ಲೂ ಎರಡು ಜಾತಿ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಮಣಿ ಅಂಟಿಸಿದಂತೆ ಇರುತ್ತದೆ. ಬೆರಳಿನಿಂದ ಉಜ್ಜಿದರೆ ಕಳಚಿ ಬರುತ್ತದೆ, ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಕೆಟ್ಟ ಗಂಟು ಅಂಟಿಕೊಂಡದ್ದಲ್ಲ, ಬೇರೇ ಊದಿಕೊಂಡದ್ದು. ಕೀಳಲು ಹೋದರೆ ಬೇರೇ ಹರಿಯುತ್ತದೆ, ಒಳಗೆ ಕೆಂಪು ಇರುವುದಿಲ್ಲ. ನಮ್ಮ ಬಕೆಟ್‌ನಲ್ಲಿ ಮಣಿಗಳು ಬೆರಳೆಣಿಕೆಯಷ್ಟು, ಊದಿದ ಬೇರು ಲೆಕ್ಕವಿಲ್ಲದಷ್ಟು.

ಬೇರುಗಂಟು ಜಂತುಹುಳು ಅಂದರೆ ಇದು. ಹೊಟ್ಟೆಯ ಜಂತುಹುಳುವಿನ ದೂರದ ಸಂಬಂಧಿ, ಕಣ್ಣಿಗೆ ಕಾಣದ್ದು. ಬೇರಿಗೆ ನುಗ್ಗುವ ಮರಿಯ ಉದ್ದ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಒಳಗೆ ಹೋಗಿ ಒಂದು ಕಡೆ ಕೂತು, ಸುತ್ತಲಿನ ಜೀವಕೋಶಗಳನ್ನು ಉಬ್ಬಿಸಿ, ಗಿಡ ಮಾಡಿಟ್ಟ ಅಡುಗೆಯನ್ನು ಅಲ್ಲೇ ಉಣ್ಣುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮಣ್ಣು ಬೆಚ್ಚಗಿದ್ದರೆ ತಿಂಗಳಿಗೆ ಒಂದು ತಲೆಮಾರು. ಅಂದರೆ ನೂರು ದಿನದ ಸೋಯಾ ಪೀಕಿನಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಒಂದೇ ಬೇರಿನ ಮೇಲೆ ಉಂಡು ಹೋಗುತ್ತಾರೆ. 1855ರಷ್ಟು ಹಿಂದೆಯೇ ಬರ್ಕ್ಲಿ ಅನ್ನುವವರು ಇಂಗ್ಲೆಂಡಿನ ಗಾಜಿನ ಮನೆಯ ಸೌತೆ ಬೇರಿನಲ್ಲಿ ಈ ಗಂಟು ನೋಡಿ ಬರೆದಿಟ್ಟಿದ್ದರು.

ಈಗ ನೀವೂ ನನ್ನಂತೆ ಫೋನ್ ತೆಗೆದು ಸೋಯಾಬೀನ್, ನೆಮಟೋಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ. ಬರುವುದೆಲ್ಲ ಅಮೆರಿಕದ ಸುದ್ದಿ. ಅದೂ ಬೇರೆ ಹುಳುವಿನದು. ಅಲ್ಲಿನ ದೊಡ್ಡ ವೈರಿ ಸಿಸ್ಟ್ ನೆಮಟೋಡ್. 1954ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಸಿಕ್ಕಿತು, ಆಮೇಲೆ ಸೋಯಾ ಬೆಳೆಯುವ ಬಹುತೇಕ ರಾಜ್ಯಗಳಿಗೆ ಹಬ್ಬಿತು. ಅಲ್ಲಿನವರು ಹೇಳುವ ಮೊದಲ ಉಪಾಯ, ಒಂದು ವರ್ಷ ಸೋಯಾ ಬಿಟ್ಟು ಮೆಕ್ಕೆಜೋಳ ಹಾಕಿ. ಸಿಸ್ಟ್ ಹುಳುವಿಗೆ ಅದು ಸರಿ, ಮೆಕ್ಕೆಜೋಳದ ಬೇರಿನಲ್ಲಿ ಅದಕ್ಕೆ ಊಟ ಇಲ್ಲ. ಆದರೆ ನಮ್ಮ ಕಡೆಯ ಬೇರುಗಂಟು ಹುಳುಗಳಲ್ಲಿ ಸಾಮಾನ್ಯವಾದ ಇನ್‌ಕಾಗ್ನಿಟಾ ಜಾತಿ ಮೆಕ್ಕೆಜೋಳದ ಎಷ್ಟೋ ತಳಿಗಳಲ್ಲೂ ಬೆಳೆಯುತ್ತದೆ. ಮೆಕ್ಕೆಜೋಳದ ಬೇರಿನ ಗಂಟು ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. ಹೊಲಕ್ಕೆ ವಿಶ್ರಾಂತಿ ಕೊಟ್ಟೆ ಅಂತ ರೈತ ತಿಳಿದಿರುತ್ತಾನೆ, ಹುಳು ಆರಾಮಾಗಿ ಸಂಸಾರ ಮಾಡಿಕೊಂಡಿರುತ್ತದೆ. ಬೇರೆ ಯಾರದೋ ಸಿಸ್ಟಮ್‌ನ ಬಗ್‌ಗೆ ಬರೆದ ಪರಿಹಾರವನ್ನು ನಮ್ಮ ಕೋಡಿಗೆ ಅಂಟಿಸಿದ ಹಾಗೆ ಅದು. ನಮ್ಮ ಆಫೀಸಿನಲ್ಲಿ ಇದು ದಿನಾ ನಡೆಯುವ ಕಥೆ ಬಿಡಿ.

ಹಾಗಾಗಿ ಔಷಧಿಗಿಂತ ಮೊದಲು ಹೊಲದಲ್ಲಿ ಯಾವುದು ಇದೆ, ಎಲ್ಲಿಯವರೆಗೆ ಇದೆ ಅಂತ ತಿಳಿಯಬೇಕಿತ್ತು. ಎರಡು ಕೆಲಸ ಮಾಡಿದೆವು.

ಒಂದು ಧಾರವಾಡದ್ದು. ಗಿಡದ ಬೇರಿನ ಸುತ್ತ ಒಂದು ಗೇಣು ಆಳದಿಂದ, ಅಡ್ಡಾದಿಡ್ಡಿಯಾಗಿ ಹದಿನೈದು ಕಡೆ ಮಣ್ಣು ತೆಗೆದು, ಕಲಸಿ, ಅರ್ಧ ಕೆಜಿಯಷ್ಟನ್ನು ಬೇರಿನ ಚೂರುಗಳ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆವು. ಗೊಬ್ಬರದ ಪರೀಕ್ಷೆಗೆ ಒಯ್ಯುವ ಮಣ್ಣಿನ ಹಾಗೆ ಇದನ್ನು ಒಣಗಿಸುವಂತಿಲ್ಲ, ಬಿಸಿಲಿಗೂ ಇಡುವಂತಿಲ್ಲ. ಹುಳು ಜೀವಂತ ಇದ್ದರೇ ಲೆಕ್ಕ ಸಿಗುವುದು. ಚೀಲವನ್ನು ಟಿಫಿನ್ ಬ್ಯಾಗಿನಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟುಕೊಂಡು, ಹೊಸೂರಿನಲ್ಲಿ ಚಿಗರಿ ಬಸ್ ಹತ್ತಿದೆ. ಎಸಿ ಬಸ್ಸು, ಹುಳುಗಳಿಗೂ ತಂಪು. ಪಕ್ಕದ ಸೀಟಿನ ಅಜ್ಜ “ಊಟಾ ಏನು ತಂದೀರಿ?” ಅಂದರು. ಮಣ್ಣು ಅಂದೆ. ಆಮೇಲೆ ನವನಗರದವರೆಗೆ ಮಾತಿಲ್ಲ.

ಧಾರವಾಡ ದಾಟಿ ಬೆಳಗಾವಿ ರಸ್ತೆಯಲ್ಲಿ ಯತ್ತಿನಗುಡ್ಡದ ಕೃಷಿ ವಿಶ್ವವಿದ್ಯಾಲಯ. 1947ರಲ್ಲಿ ಕೃಷಿ ಕಾಲೇಜಾಗಿ ಶುರುವಾಗಿ 1986ರಲ್ಲಿ ವಿಶ್ವವಿದ್ಯಾಲಯ ಆದದ್ದು. ಸೋಯಾ ತುಕ್ಕು ರೋಗ ತಡೆಯುವ ಡಿಎಸ್‌ಬಿ 21 ತಳಿ ಬಂದದ್ದು ಇಲ್ಲಿಂದಲೇ. ಮಣ್ಣಿನಿಂದ ಹುಳು ತೆಗೆಯುವ ವಿಧಾನ ನೋಡಿ ನನಗೆ ನಗು ಬಂತು, ಅಷ್ಟು ಸರಳ. ಮಣ್ಣನ್ನು ನೀರಿನಲ್ಲಿ ಕಲಕಿ ಜರಡಿಗಳ ಮೇಲೆ ಸುರಿಯುತ್ತಾರೆ. ಜರಡಿಯಲ್ಲಿ ಉಳಿದದ್ದನ್ನು ಟಿಶ್ಯೂ ಕಾಗದದ ಮೇಲೆ ಹರಡಿ, ನೀರು ತುಂಬಿದ ಲಾಳಿಕೆಯ ಬಾಯಿಗೆ ತಾಗುವಂತೆ ಇಡುತ್ತಾರೆ. ಲಾಳಿಕೆಯ ಬುಡಕ್ಕೆ ರಬ್ಬರ್ ನಳಿಕೆ, ಅದಕ್ಕೊಂದು ಕ್ಲಿಪ್. ಒಂದೆರಡು ದಿನದಲ್ಲಿ ಜೀವಂತ ಹುಳುಗಳು ಕಾಗದ ತೂರಿ ಈಜುತ್ತಾ ಬುಡಕ್ಕೆ ಇಳಿಯುತ್ತವೆ. ಬೇಯರ್‌ಮನ್ ಲಾಳಿಕೆ ಅಂತ ಹೆಸರು, ನೂರು ವರ್ಷಕ್ಕಿಂತ ಹಳೆಯ ಉಪಾಯ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹುಳುಗಳೇನೋ ತುಂಬ ಇದ್ದವು. ಆದರೆ ಅಲ್ಲಿನವರು ತೋರಿಸಿದ ಹಾಗೆ ಅದರಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾ, ಶಿಲೀಂಧ್ರ ತಿಂದು ಬದುಕುವ ಸಾಧು ಪ್ರಾಣಿಗಳು, ಮಣ್ಣಿಗೆ ಬೇಕಾದವು. ಬಾಯಲ್ಲಿ ಸೂಜಿ ಇರುವ, ಬೇರು ಚುಚ್ಚುವ ಹುಳು ಅವುಗಳ ನಡುವೆ ಇತ್ತು.

ಗುಳಿಗೆ ಔಷಧಿಯ ಬಗ್ಗೆ ನನ್ನ ಮನಸ್ಸು ಅಲ್ಲೇ ತಿರುಗಿತು. ಅದು ಈ ಸಾಧುಗಳನ್ನೂ ಬಿಡುವುದಿಲ್ಲ. ನಮ್ಮ ಕಡೆ ಮನೆಮಾತಾಗಿದ್ದ ಫೋರೇಟ್ ಗುಳಿಗೆ ಎಷ್ಟು ವಿಷ ಅಂದರೆ, ಕೇಂದ್ರ ಸರಕಾರ 2020ರ ಡಿಸೆಂಬರ್ 31ರಿಂದ ಅದನ್ನು ನಿಷೇಧಿಸಿದೆ. ಇನ್ನು ಲೆಕ್ಕದ ಮಾತು. 2025-26ಕ್ಕೆ ಸೋಯಾದ ಬೆಂಬಲ ಬೆಲೆ ಕ್ವಿಂಟಾಲಿಗೆ 5,328 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ಕಡಿಮೆಗೆ ಹೋಗುವುದು ಹೊಸದೇನಲ್ಲ. ಈ ಬೆಲೆಯ ಪೀಕಿಗೆ ಪ್ರತಿವರ್ಷ ದುಬಾರಿ ಔಷಧಿ ಸುರಿದರೆ ಉಳಿಯುವುದು ಖಾಲಿ ಡಬ್ಬಿ.

ಎರಡನೆಯ ಕೆಲಸ ನನ್ನ ಬಾಲ್ಕನಿಯದು. ತೇಪೆ ಎಲ್ಲೆಲ್ಲಿ ಹಬ್ಬಿದೆ ಅಂತ ತಿಳಿಯಲು ಪ್ರತಿಸಲ ಲ್ಯಾಬಿಗೆ ಓಡಬೇಕಿಲ್ಲ, ಟೊಮೇಟೊ ಸಸಿ ಸಾಕು. ಹೊಲದ ಐದು ಕಡೆಯ ಮಣ್ಣನ್ನು ಐದು ಪೇಂಟ್ ಬಕೆಟ್‌ಗಳಿಗೆ ತುಂಬಿದೆ. ಆರನೆಯ ಬಕೆಟ್‌ಗೆ ಅದೇ ಕೆಳಹೊಲದ ಮಣ್ಣು, ಆದರೆ ಹಳೇ ಕುಕ್ಕರಿನಲ್ಲಿ ಅರ್ಧ ತಾಸು ಬೇಯಿಸಿದ್ದು. (ಅವ್ವನಿಗೆ ಫೋನಿನಲ್ಲಿ ಹೇಳಿದೆ. “ಆ ಕುಕ್ಕರಿನ್ಯಾಗ ಇನ್ನ ಅನ್ನಾ ಮಾಡಬ್ಯಾಡ” ಅನ್ನೋದೊಂದೇ ಉತ್ತರ.) ಕೋಕೋಪೀಟ್‌ನಲ್ಲಿ ಬೀಜ ಹಾಕಿ ಎಬ್ಬಿಸಿದ ಸಸಿಯನ್ನು ಒಂದೊಂದಕ್ಕೆ ಹಚ್ಚಿದೆ. ಹಳೆಯ ಸಾದಾ ತಳಿಯೇ ಬೇಕು. ಕೆಲವು ಹೈಬ್ರಿಡ್ ಟೊಮೇಟೊಗಳಿಗೆ ಈ ಹುಳು ತಡೆಯುವ ಗುಣ ಇರುತ್ತದೆ, ಅವನ್ನು ಹಚ್ಚಿದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಆರು ವಾರ ಬಿಟ್ಟು ಗಿಡ ಕಿತ್ತು ಬೇರು ತೊಳೆದೆ. ಕೆಳಹೊಲದ ಎರಡು ಬಕೆಟ್‌ಗಳಲ್ಲಿ ಬೇರು ಶುಂಠಿ ಬೇರಿನಂತೆ ಗಂಟುಗಂಟು. ನಡುವಿನದರಲ್ಲಿ ಅಲ್ಲೊಂದು ಇಲ್ಲೊಂದು. ಮೇಲಿನ ಎರಡರಲ್ಲಿ ಇಲ್ಲ, ಬೇಯಿಸಿದ ಮಣ್ಣಿನಲ್ಲೂ ಇಲ್ಲ. ಗಂಟು ಮಾಡದ ರೆನಿಫಾರ್ಮ್ ಅನ್ನುವ ಇನ್ನೊಂದು ಹುಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ಅದಕ್ಕೆ ಲ್ಯಾಬೇ ಗತಿ. ಆದರೂ ಈಗ ನಮ್ಮ ಕೈಯಲ್ಲೊಂದು ನಕ್ಷೆ ಇತ್ತು. ಎರಡೂವರೆ ಎಕರೆಯಲ್ಲಿ ನಿಜವಾದ ಕಾಯಿಲೆ ಸುಮಾರು ಅರ್ಧ ಎಕರೆಯದು.

ಕೆಳಗಷ್ಟೇ ಯಾಕೆ ಅಂತ ಕಾಕಾನ ಜೊತೆ ಕೂತು ಹಿಂದಿನ ವರ್ಷಗಳ ಪೀಕು ಲೆಕ್ಕ ಹಾಕಿದೆ. ಅಲ್ಲಿ ಬೋರ್‌ವೆಲ್ ಇದೆ. ನೀರಿದೆ ಅಂತ ನಡುನಡುವೆ ಬದನಿ, ಟೊಮೇಟೊ, ಬೆಂಡಿ ಮಾಡಿದ್ದರು; ಮೂರೂ ಈ ಹುಳುವಿಗೆ ಹೋಳಿಗೆ ಊಟ. ಮುಂಗಾರಿಗೆ ಸೋಯಾ, ಹಿಂಗಾರಿಗೆ ಕಡಲಿ. ಕಡಲಿಯೂ ಅದಕ್ಕೆ ಆಗುತ್ತದೆ. ವರ್ಷಪೂರ್ತಿ ಪಂಕ್ತಿ ಎದ್ದೇ ಇರಲಿಲ್ಲ.

ಪಂಕ್ತಿ ಎಬ್ಬಿಸಬೇಕು ಅಂದರೆ ಹಿಂಗಾರಿಗೆ ಬಿಳಿಜೋಳ ಬಿತ್ತಬೇಕು. ಜೋಳದ ಬೇರಿನಲ್ಲಿ ಈ ಹುಳು ಅಷ್ಟಾಗಿ ಬೆಳೆಯುವುದಿಲ್ಲ. ಕಾಕಾ ಒಪ್ಪಲಿಲ್ಲ. “ಜ್ವಾಳದಾಗ ರೊಕ್ಕ ಎಲ್ಲೈತೋ? ಕಡಲಿ ಮಾರಿದ್ರ ಕೈಯಾಗ ನಾಕು ಕಾಸು ಆಡ್ತಾವು.” ಅವರ ಮಾತು ಸುಳ್ಳಲ್ಲ. ಸಾವಯವ ಅಂತ ಪಟ್ಟಣದಲ್ಲಿ ಕೂತು ಭಾಷಣ ಮಾಡುವವರು ಇಲ್ಲೇ ಎಡವುತ್ತಾರೆ ಅನ್ನೋದು ನನ್ನ ಅಭಿಪ್ರಾಯ. ಔಷಧಿ ಬಿಡು ಅನ್ನುವುದು ಸುಲಭ, ಕಡಲಿ ಬಿಡು ಅನ್ನುವುದು ಕಷ್ಟ. ಕೊನೆಗೆ ಮಾತು ಗೆದ್ದದ್ದು ಕಾಕಿ: “ದನಕ್ಕ ಕಣಿಕಿ ಕೊಳ್ಳಾಕ ವರ್ಷಾ ಎಷ್ಟು ಕೊಡ್ತೀರಿ ಲೆಕ್ಕಾ ಹಾಕ್ರಿ. ಜ್ವಾಳ ಬಿತ್ತಿದ್ರ ರೊಟ್ಟಿನೂ ಬಂತು, ಕಣಿಕಿನೂ ಬಂತು.” ಕಾಕಾ ಸುಮ್ಮನಾದ. ಇಡೀ ಹೊಲಕ್ಕಲ್ಲ, ಕೆಳಗಿನ ಒಂದು ಎಕರೆಗೆ ಜೋಳ ಅಂತ ತೀರ್ಮಾನ ಆಯಿತು. ಶೇಂಗಾ ಕೂಡ ಒಳ್ಳೆಯದೇ, ಇನ್‌ಕಾಗ್ನಿಟಾ ಅದರಲ್ಲಿ ಬೆಳೆಯುವುದಿಲ್ಲ. ಆದರೆ ಅದರ ದಾಯಾದಿ ಅರೆನೇರಿಯಾ ಬೆಳೆಯುತ್ತದೆ. ಅದಕ್ಕೇ ಹುಳುವಿನ ಜಾತಿ ಕೇಳಿಕೊಂಡೇ ಶೇಂಗಾಕ್ಕೆ ಕೈ ಹಾಕಬೇಕು.

ಮಾರನೇ ವರ್ಷದ ಬೇಸಿಗೆಯಲ್ಲಿ ಕೆಳಹೊಲಕ್ಕೆ ರಂಟಿ ಹೊಡೆಸಿದೆವು. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಮಣ್ಣು ಮಗುಚಿ, ಹಳೇ ಬೇರು ಮೇಲೆ ಬಂದು ಮೇ ತಿಂಗಳ ಬಿಸಿಲಿಗೆ ಒಣಗಿದರೆ ಹುಳುವೂ ಮೊಟ್ಟೆಯೂ ಒಣಗುತ್ತವೆ. ಆದರೆ ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ಅಂದರೆ ಅಡ್ಡಮಳೆ. ಎರಡನೇ ಉಳುಮೆಯ ಮರುದಿನವೇ ಗುಡುಗಿ ಸುರಿಯಿತು. ಪ್ಲಾಸ್ಟಿಕ್ ಹಾಳೆ ಹೊದಿಸಿ ಮಣ್ಣು ಕಾಯಿಸುವ ವಿಧಾನವೂ ಇದೆ. ಅದು ಸಸಿಮಡಿಗೆ ಸರಿ, ಅರ್ಧ ಎಕರೆಗೆ ಹಾಳೆ ಕೊಳ್ಳುವುದು ನಮ್ಮ ಕೈಲಿ ಆಗದ ಮಾತು.

ತಿಪ್ಪಿಗೊಬ್ಬರದ ಕೆಲಸ ಮಾತ್ರ ಚೆನ್ನಾಗಿ ಆಯಿತು. ಒಂದು ಟನ್ ಕಳಿತ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್, ಪರ್ಪ್ಯುರಿಯೊಸಿಲಿಯಂ ಮೂರೂ ಎರಡೆರಡು ಕೆಜಿ ಕಲಸಿ, ನೆರಳಲ್ಲಿ ಗೋಣಿಚೀಲ ಮುಚ್ಚಿ, ಹದಿನೈದು ದಿನ ನೀರು ಚಿಮುಕಿಸುತ್ತಾ ಇಟ್ಟೆವು. ಮೂರನೆಯ ಹೆಸರು ನಾಲಿಗೆಗೆ ಕಷ್ಟ, ಹಳೇ ಹೆಸರು ಪೆಸಿಲೋಮೈಸಿಸ್. ಹುಳುವಿನ ಮೊಟ್ಟೆಯೊಳಗೆ ಹೊಕ್ಕು ತಿನ್ನುವ ಶಿಲೀಂಧ್ರ ಅದು. ಜೊತೆಗೆ ಎಕರೆಗೆ ನೂರು ಕೆಜಿ ಲೆಕ್ಕದಲ್ಲಿ ಬೇವಿನ ಹಿಂಡಿ. ಹಿಂಡಿ ಕೊಳೆಯುವಾಗ ಬರುವ ರಸ ಹುಳುವಿಗೆ ಕಹಿ, ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಊಟ. ಹೊಲದಲ್ಲಿ ಹಸಿ ಇದ್ದಾಗಲೇ ಇದನ್ನೆಲ್ಲ ಮಣ್ಣಿಗೆ ಸೇರಿಸಬೇಕು, ಒಣ ಮಣ್ಣಿಗೆ ಹಾಕಿದರೆ ಜೀವಾಣುಗಳು ಸಾಯುತ್ತವೆ.

ತೀರಾ ಕೆಟ್ಟ ಇಪ್ಪತ್ತು ಗುಂಟೆಗೆ ಆ ಮುಂಗಾರಿಗೆ ಸೋಯಾ ಬಿತ್ತಲೇ ಇಲ್ಲ, ಚೆಂಡು ಹೂ ಹಚ್ಚಿದೆವು. ಚೆಂಡು ಹೂವಿನ ಬೇರಿನಲ್ಲಿ ಹುಳುವಿಗೆ ವಿಷವಾಗುವ ಅಂಶ ಇದೆ, ಬೇರಿಗೆ ನುಗ್ಗಿದ ಮರಿ ಬೆಳೆಯುವುದಿಲ್ಲ. ಬದುವಿನ ಮೇಲೆ ಹತ್ತು ಗಿಡ ನೆಟ್ಟು ಫೋಟೋ ಹಾಕಿದರೆ ಇದು ಆಗುವುದಿಲ್ಲ. ಎರಡು ಮೂರು ತಿಂಗಳು ಆ ಜಾಗದ ತುಂಬ ಒತ್ತಾಗಿ ಅದೇ ಇರಬೇಕು, ನಡುವೆ ಕಸ ಇರಬಾರದು, ಕಸದ ಬೇರಿನಲ್ಲೂ ಹುಳು ಬದುಕುತ್ತದೆ. ದಸರಾ, ದೀಪಾವಳಿಗೆ ಹೂವು ಹುಬ್ಬಳ್ಳಿ ಮಾರ್ಕೆಟ್‌ಗೆ ಬಂತು. ಆಯುಧಪೂಜೆಯ ಹಿಂದಿನ ಸಂಜೆ ನಮ್ಮ ಎಸ್ಟೇಟಿನ ಲೇಥ್ ಯಂತ್ರಗಳಿಗೆ, ಶೋರೂಮಿನ ಟ್ರ್ಯಾಕ್ಟರ್‌ಗಳಿಗೆ ಹಾರ ಹಾಕುತ್ತಿದ್ದದ್ದು ನೋಡಿದೆ. ಅದರಲ್ಲಿ ಕಾಕಾನ ಹೊಲದ ಹೂವು ಎಷ್ಟೋ ಏನೋ.

ಕಳೆದ ಮುಂಗಾರಿಗೆ ಆ ಇಪ್ಪತ್ತು ಗುಂಟೆಗೆ ಮತ್ತೆ ಸೋಯಾ ಬಂತು. ಹಳದಿ ತೇಪೆ ಪೂರ್ತಿ ಹೋಗಿಲ್ಲ, ಬೋರ್‌ವೆಲ್ ಪಕ್ಕ ಎರಡು ಕಡೆ ಉಳಿದಿದೆ. ಬೇರು ಕಿತ್ತು ನೋಡಿದರೆ ಊದಿದ್ದು ಕಡಿಮೆ, ಮಣಿಗಂಟು ಹೆಚ್ಚು. ಲಾವಣಿಯ ಮಾತು ಕಾಕಾ ಎತ್ತಿಲ್ಲ. ಎತ್ತಿದರೂ ನನ್ನೆದುರು ಎತ್ತಿಲ್ಲ ಅನ್ನಬೇಕು. ನಾಲ್ಕು ಎಕರೆಯ ಪಕ್ಕದ ಹೊಲದವರು ಮಾತ್ರ ಸೋಯಾ, ಕಡಲಿ ಬಿಟ್ಟಿಲ್ಲ.

ಪಕ್ಕದವರ ಹೊಲದಿಂದ ನಮ್ಮ ಹೊಲಕ್ಕೆ ಹುಳು ತಾನಾಗಿ ನಡೆದು ಬರುವುದು ವರ್ಷಕ್ಕೆ ಒಂದು ಮೀಟರಿನಷ್ಟು ಇದ್ದರೆ ಹೆಚ್ಚು. ಅದು ದೂರ ಹೋಗುವುದು ಹರಿಯುವ ನೀರಿನಲ್ಲಿ, ನರ್ಸರಿ ಸಸಿಯ ಬೇರಿನಲ್ಲಿ, ಬಾಡಿಗೆ ಟ್ರ್ಯಾಕ್ಟರಿನ ಗಾಲಿಗೆ, ರೋಟವೇಟರಿನ ಹಲ್ಲಿಗೆ ಮೆತ್ತಿದ ಮಣ್ಣಿನಲ್ಲಿ. ತೇಪೆಗಳು ಟ್ರ್ಯಾಕ್ಟರ್ ಓಡಿದ ದಿಕ್ಕಿಗೇ ಉದ್ದವಾಗಿದ್ದದ್ದು ಸುಮ್ಮನೆ ಅಲ್ಲ. ಈಗ ಕಾಕಾ ಬದುವಿನ ಬಳಿ ಒಂದು ಡ್ರಮ್ ನೀರು ಇಟ್ಟಿರುತ್ತಾರೆ. ಯಾರ ಟ್ರ್ಯಾಕ್ಟರ್ ಬಂದರೂ ಗಾಲಿ, ಹಲ್ಲು ತೊಳೆದೇ ಒಳಗೆ. ಮೇಲಿನ ಒಳ್ಳೆಯ ಹೊಲ ಮೊದಲು, ಕೆಳಗಿನದು ಕೊನೆಗೆ. ಈ ಮೇ ತಿಂಗಳಲ್ಲಿ ನಾನು ಹೋದಾಗ ಟ್ರ್ಯಾಕ್ಟರ್ ಡ್ರೈವರ್ ಬಕೆಟ್ ಹಿಡಿದು ಗೊಣಗುತ್ತಿದ್ದ.

“ಯಜಮಾನ್ರ, ಇದೇನ್ ಹೊಲಾನೋ ಗುಡಿನೋ? ಚಪ್ಪಲಿನೂ ಬಿಟ್ಟು ಬರ್ಬೇಕೇನ್ರಿ?”

“ಚಪ್ಪಲಿ ಇರ್ಲಿ ಬಿಡೋ. ಆ ಹಿಂದಿನ ಗಾಲಿ ಇನ್ನೊಮ್ಮೆ ತೊಳಿ,” ಅಂದ ಕಾಕಾ.